ಒಂದೇ ಸಿನಿಮಾದ ಹಾಡುಗಳು ಐದು ಫೋಲ್ಡರಿಗೆ ಹೋಗೋದು ಯಾಕೆ?

ಪ್ರಶ್ನೆ: ಪಿಕಾರ್ಡ್ (ಹಾಡಿನ ಫೈಲುಗಳನ್ನು ಹೆಸರಿಟ್ಟು ಜೋಡಿಸೋ ಸಾಫ್ಟ್‌ವೇರ್) ಹಾಕಿಕೊಂಡು ಹಳೇ ಎಂಪಿ3 ಎಲ್ಲ ಜೋಡಿಸೋಕೆ ಹೋದೆ. ಒಂದೇ ಸಿನಿಮಾದ ಆರು ಹಾಡು ಐದು ಫೋಲ್ಡರಿನಲ್ಲಿ ಚೆಲ್ಲಾಪಿಲ್ಲಿ. ಫೋಲ್ಡರ್ ಹೆಸರು ತೀರ್ಮಾನಿಸೋ ಸ್ಕ್ರಿಪ್ಟ್ ತಪ್ಪಾಗಿದೆಯಾ?

ಸ್ಕ್ರಿಪ್ಟ್ ಹೇಳಿದ ಕೆಲಸ ಮಾಡಿದೆ, ಅಷ್ಟೇ. ಅದು ಮೊದಲು 'ಆಲ್ಬಮ್ ಆರ್ಟಿಸ್ಟ್' ಟ್ಯಾಗ್ (ಫೈಲಿನೊಳಗೆ ಬರೆದಿಟ್ಟ ವಿವರ) ನೋಡುತ್ತದೆ, ಅದು ಖಾಲಿ ಇದ್ದರೆ 'ಆರ್ಟಿಸ್ಟ್' ಹೆಸರಲ್ಲಿ ಫೋಲ್ಡರ್ ಮಾಡುತ್ತದೆ. ನಮ್ಮ ಸಿನಿಮಾ ಹಾಡಿನಲ್ಲಿ ಆರ್ಟಿಸ್ಟ್ ಅಂದರೆ ಹಾಡಿದವರು ಅಲ್ವಾ? ಒಂದು ಹಾಡಿಗೆ ಎಸ್‌ಪಿಬಿ ಒಬ್ಬರೇ, ಇನ್ನೊಂದಕ್ಕೆ ಎಸ್‌ಪಿಬಿ ಜೊತೆ ಎಸ್. ಜಾನಕಿ, ಮೂರನೆಯದಕ್ಕೆ ಯಾರೋ ಪುಣ್ಯಾತ್ಮ ಬರೀ 'ಬಾಲು' ಅಂತ ಟೈಪ್ ಮಾಡಿರುತ್ತಾನೆ. ಕಂಪ್ಯೂಟರಿಗೆ ಇವು ಮೂರು ಬೇರೆ ಬೇರೆ ಹೆಸರು.

ಹಾಗಾಗಿ ಹಾಡು ಯಾರ ಮನೆಗೆ ಸೇರಬೇಕು ಅಂತ ಮೊದಲು ನೀವು ತೀರ್ಮಾನ ಮಾಡಿ. ನಾನು ಸಿನಿಮಾ ಹಾಡನ್ನು ಸಂಗೀತ ನಿರ್ದೇಶಕರ ಹೆಸರಲ್ಲಿ ಇಡುತ್ತೇನೆ: ಹಂಸಲೇಖ, ರಾಜನ್-ನಾಗೇಂದ್ರ, ಹೀಗೆ. ಅದಕ್ಕೆ ಸ್ಕ್ರಿಪ್ಟಿನಲ್ಲಿ 'ಇಫ್2' ಅನ್ನೋ ಆಜ್ಞೆ ಸಾಕು. ಅದರೊಳಗೆ ಆಲ್ಬಮ್ ಆರ್ಟಿಸ್ಟ್, ಕಂಪೋಸರ್ (ಸಂಗೀತ ನಿರ್ದೇಶಕರು), ಆರ್ಟಿಸ್ಟ್ ಈ ಮೂರನ್ನೂ ಇದೇ ಕ್ರಮದಲ್ಲಿ ಅಲ್ಪವಿರಾಮ ಹಾಕಿ ಬರೆದರೆ, ಖಾಲಿ ಇಲ್ಲದ ಮೊದಲನೆಯದನ್ನು ಅದೇ ಎತ್ತಿಕೊಳ್ಳುತ್ತದೆ. (ಟೈಪ್ ಮಾಡೋದು ಇಂಗ್ಲಿಷಿನಲ್ಲೇ, 'ಇಫ್2' ಮುಂದೆ ಡಾಲರ್ ಚಿಹ್ನೆ, ಟ್ಯಾಗಿನ ಎರಡೂ ಕಡೆ ಪರ್ಸೆಂಟ್ ಚಿಹ್ನೆ.)

ಭಾವಗೀತೆಯ ಲೆಕ್ಕ ಬೇರೆ. ಕೆ.ಎಸ್. ನರಸಿಂಹಸ್ವಾಮಿ ಅವರ ಕವನವನ್ನು ನಾನು ಕವಿಯ ಹೆಸರಲ್ಲೇ ಹುಡುಕುತ್ತೇನೆ. ಇಲ್ಲಿ ಬೇಕಾಗೋದು 'ಇಫ್'. ಅದಕ್ಕೆ ಮೂರು ಭಾಗ: ಷರತ್ತು, ಹೌದಾದರೆ ಏನು, ಇಲ್ಲದಿದ್ದರೆ ಏನು. ಜಾನರ್ (ಹಾಡಿನ ಬಗೆ) 'ಭಾವಗೀತೆ' ಆಗಿದ್ದರೆ ಲಿರಿಸಿಸ್ಟ್ (ಸಾಹಿತ್ಯ ಬರೆದವರು), ಇಲ್ಲದಿದ್ದರೆ ಮೇಲಿನ 'ಇಫ್2'. ಹೋಲಿಸೋಕೆ 'ಇಕ್ಯೂ' ಬಳಸಿ. ಒಂದು ಅಕ್ಷರ ಆಚೀಚೆ ಆದರೂ ಅದು ಒಪ್ಪುವುದಿಲ್ಲ.

ನಾನು ಬಿದ್ದ ಹಳ್ಳ ಒಂದಿದೆ. 'ಕಂಪೈಲೇಶನ್' (ಹಲವರ ಹಾಡುಗಳ ಸಂಕಲನ) ಟ್ಯಾಗ್ ಇದ್ದರೆ ಬೇರೆ ಫೋಲ್ಡರ್ ಅಂತ ಬರೆದಿದ್ದೆ. ಎಸ್‌ಪಿ ರೋಡಿನಿಂದ ತಂದ ಹೊಸ ಹಾರ್ಡ್ ಡಿಸ್ಕಿಗೆ ರಾತ್ರಿಯೆಲ್ಲ ಓಡಿಸಿ ಬೆಳಗ್ಗೆ ನೋಡಿದರೆ ಹೆಚ್ಚುಕಡಿಮೆ ಎಲ್ಲ ಹಾಡೂ ಅದೇ ಫೋಲ್ಡರಿನಲ್ಲಿ ಕೂತಿದ್ದವು! ನನ್ನ ಹಳೇ ಫೈಲುಗಳಲ್ಲಿ ಆ ಟ್ಯಾಗಿಗೆ 0 ಅಂತ ಬರೆದಿತ್ತು. 'ಇಫ್'ಗೆ 0 ಕೂಡ ಖಾಲಿ ಅಲ್ಲ, ಅಂದರೆ 'ಹೌದು'. 1ಕ್ಕೆ ಸಮ ಇದೆಯಾ ಅಂತಲೇ ಕೇಳಬೇಕಿತ್ತು. ಸುಮ್ನೆ ಇಪ್ಪತ್ತು ಹಾಡಿನ ಕಾಪಿ ಮಾಡಿ ಮೊದಲು ಅದರ ಮೇಲೆ ಓಡಿಸಿ ನೋಡಿ.

ಟ್ರ್ಯಾಕ್ ನಂಬರನ್ನು 'ನಮ್' ಆಜ್ಞೆ ಬಳಸಿ ಎರಡಂಕಿ (1ರ ಬದಲು 01) ಮಾಡಿಬಿಡಿ. ನನ್ನ ಕಾರಿನ ಸ್ಟೀರಿಯೋ ಫೈಲಿನ ಹೆಸರು ನೋಡಿ ಹಾಡಿಸುತ್ತದೆ, ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕೂತಾಗ ಒಂದನೇ ಹಾಡು ಮುಗಿದ ಮೇಲೆ ನೇರ ಹತ್ತನೆಯದು ಬರುತ್ತಿತ್ತು.