ಬಿಪಿ ಗುಳಿಗೆ ದಿನಾ ತಗೊಳ್ಳೋದು ಸುಲಭ ಆಗ್ಬೇಕಂದ್ರೆ: ಕಮ್ಯೂನಿಟಿ ಪೋಸ್ಟಿಂಗ್ ಟಿಪ್ಪಣಿ

ನರ್ಸಿಂಗ್ ಓದ್ತಿರೋರಿಗೆ, ಹೊಸದಾಗಿ ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಆಗಿ ಸೇರಿದವರಿಗೆ ಉಪಯೋಗ ಆಗ್ಲಿ ಅಂತ ಬರೀತಾ ಇದ್ದೇನೆ. ಔಷಧಿ ತಪ್ಪಿಸ್ಬೇಡಿ ಅಂತ ತಿಳಿ ಹೇಳೋದು ನಮಗೆಲ್ಲ ಬರ್ತದೆ, ಆದ್ರೆ ಬರೀ ಹೇಳಿದ್ರೆ ಆಗೋದಿಲ್ಲ. ಡಬ್ಲ್ಯೂಎಚ್‌ಓ (ವಿಶ್ವ ಆರೋಗ್ಯ ಸಂಸ್ಥೆ) 2003ರ ವರದೀಲೇ ಇದೆ, ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗೆ ಔಷಧಿ ಸರಿಯಾಗಿ ತಗೊಳ್ಳೋರು ಸುಮಾರು 50% ಮಾತ್ರ. ಅಷ್ಟೊಂದು ಜನ ಬಿಡ್ತಾರೆ ಅಂದ್ಮೇಲೆ ಎಲ್ಲಾ ರೋಗಿಯ ಹಠ ಅನ್ನೋಕಾಗಲ್ಲ, ನಾವು ಕೊಡೋ ಟ್ರೀಟ್‌ಮೆಂಟೇ ಅವ್ರಿಗೆ ಭಾರ ಆಗಿರ್ತದೆ, ಆ ಭಾರ ಎಲ್ಲಿ ಇಳಿಸಬಹುದು ಅಂತ ಹುಡುಕೋದು ನಮ್ಮ ಕೆಲಸ.

ಮೊದಲು ಗುಳಿಗೆ ಲೆಕ್ಕ. ದಿನಕ್ಕೆ ಒಂದೇ ಸಲ ತಗೊಳ್ಳೋ ಔಷಧಿ ಇದ್ರೆ ಒಳ್ಳೇದು, ಎರಡು ಔಷಧಿ ಬೇಕಾದವ್ರಿಗೆ ಎರಡೂ ಸೇರಿರೋ ಒಂದೇ ಗುಳಿಗೆ ಇನ್ನೂ ಒಳ್ಳೇದು. ಇಂಥ ಕಾಂಬಿನೇಶನ್ ಗುಳಿಗೆಗಳನ್ನ ಡಬ್ಲ್ಯೂಎಚ್‌ಓ 2019ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಒಂದೇ ಔಷಧಿಯ ಡೋಸ್ ಡಬಲ್ ಮಾಡೋದಕ್ಕಿಂತ ಇನ್ನೊಂದು ಬಗೆಯ ಔಷಧಿ ಸ್ವಲ್ಪ ಸೇರಿಸಿದ್ರೆ ಬಿಪಿ ಜಾಸ್ತಿ ಇಳೀತದೆ. ಅಮ್ಲೋಡಿಪಿನ್ ಅನ್ನೋ ಬಿಪಿ ಗುಳಿಗೆಯ ಡೋಸ್ ಏರಿಸಿದ ಹಾಗೆ ಕಾಲು ಊದೋದೂ ಏರ್ತದೆ, ಅದಕ್ಕೆ ಟೆಲ್ಮಿಸಾರ್ಟಾನ್ ಅನ್ನೋ ಇನ್ನೊಂದು ಬಗೆಯ ಬಿಪಿ ಔಷಧಿ ಜೊತೆಗೂಡಿಸಿದ್ರೆ ಊತ ಕಡಿಮೆ ಆಗ್ತದೆ, ಇದು ಪರೀಕ್ಷೆಗೂ ಬೇಕು, ಮನೆ ಭೇಟೀಲೂ ಬೇಕು, ಯಾಕಂದ್ರೆ ಕಾಲು ಊದಿತು ಅಂತ ಯಾರಿಗೂ ಹೇಳದೆ ಗುಳಿಗೆ ಬಿಟ್ಟವರು ನಮ್ಮಲ್ಲಿ ತುಂಬಾ ಜನ ಸಿಗ್ತಾರೆ. ಬಸುರಿ ಆಗೋ ಸಾಧ್ಯತೆ ಇರೋರಿಗೆ ಟೆಲ್ಮಿಸಾರ್ಟಾನ್ ಬೇಡ, ನೆನಪಿರಲಿ.

ಬೆಳಿಗ್ಗೆನೋ ರಾತ್ರಿನೋ ಅಂತ ಎಲ್ರೂ ಕೇಳ್ತಾರೆ. ಬ್ರಿಟನ್ನಿನಲ್ಲಿ 21,000ಕ್ಕೂ ಜಾಸ್ತಿ ಜನರ ಮೇಲೆ ನಡೆದು 2022ರಲ್ಲಿ ಪ್ರಕಟ ಆದ ‘ಟೈಮ್’ (TIME) ಅನ್ನೋ ಹೆಸರಿನ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಅವ್ರಿಗೆ ಮರೆಯದ ಹೊತ್ತು ಯಾವುದೋ ಅದೇ ಸರಿ, ಬೆಳಗಿನ ಗಂಜಿ ಹೊತ್ತಾದ್ರೂ ಆಗ್ಲಿ, ರಾತ್ರಿ ಊಟ ಆದ್ಮೇಲಾದ್ರೂ ಆಗ್ಲಿ. ಆದ್ರೆ ಕೆಲಸ ಏನು ಅಂತ ಕೇಳ್ಲೇಬೇಕು. ಶಿರಸಿ ಕಡೆ ಅಡಿಕೆ ಕೊನೆ ಕೊಯ್ಯೋರಿಗೆ ಹೊಸ ಗುಳಿಗೆ ಶುರು ಮಾಡಿದ್ರೆ ತಲೆ ತಿರುಗ್ತದಾ ಅಂತ ವಿಚಾರಿಸಿ, ಮರ ಹತ್ತೋ ಮನುಷ್ಯ ಅವ್ರು. ಬೋಟಿಗೆ ಹೋಗೋರಿಗೆ ಕ್ಲೋರ್ಥಾಲಿಡೋನ್ ತರದ, ಮೂತ್ರ ಜಾಸ್ತಿ ಮಾಡೋ ಬಿಪಿ ಗುಳಿಗೆ ಕೊಟ್ರೆ ಪದೇ ಪದೇ ಮೂತ್ರಕ್ಕೆ ಹೋಗ್ಬೇಕಾಗ್ತದೆ, ಬೋಟಲ್ಲಿ ಅದು ಕಷ್ಟ, ಅವ್ರು ಸಮುದ್ರಕ್ಕೆ ಹೋಗೋ ದಿನ ಬಿಟ್ಟು ದಡಕ್ಕೆ ಬಂದ ದಿನ ತಗೊಳ್ತಾರೆ. ಬೈಬೇಡಿ, ಡಾಕ್ಟರಿಗೆ ಹೇಳಿ ಬೇರೆ ಏನಾದ್ರೂ ಆಗ್ತದಾ ನೋಡಿ.

ಕೇಳೋ ರೀತೀಲೇ ಅರ್ಧ ಉತ್ತರ ಇರ್ತದೆ. "ಗುಳಿಗೆ ಸರಿ ತಗೊಳ್ತೀರಲ್ವಾ" ಅಂದ್ರೆ ಎಲ್ರೂ ಹೂಂ ಅಂತಾರೆ. "ಅಮ್ಮಾ, ದಿನಾ ಗುಳಿಗೆ ಅಂದ್ರೆ ಯಾರಿಗಾದ್ರೂ ಒಂದೊಂದ್ಸಲ ಬಿಟ್ಟು ಹೋಗ್ತದೆ, ನಿಮಗೆ ಈ ವಾರ ಎಷ್ಟು ದಿನ ಬಿಟ್ಟು ಹೋಯ್ತು" ಅಂತ ಕೇಳಿ, ಆಗ ಬಾಯಿ ಬಿಡ್ತಾರೆ. ಬಿಟ್ಟು ಹೋದ್ರೆ ಅದೇ ದಿನ ನೆನಪಾದಾಗ ತಗೊಳ್ಳಿ, ಮರುದಿನ ಎರಡು ನುಂಗ್ಬೇಡಿ ಅಂತ ಹೇಳೋದೂ ಆಗ್ಲೇ.

ಇನ್ನೊಂದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಮನೇಲಿರೋ ಔಷಧಿ ಚೀಲ ತರ್ಸಿ ನೋಡೋದು. ಅಂಕೋಲಾ ಕಡೆಯ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕೊಟ್ಟೆ ತಂದು ಜಗುಲಿ ಮೇಲೆ ಸುರಿದ್ರು, ಸರ್ಕಾರಿ ಆಸ್ಪತ್ರೆಯ ಒಂದು ಸ್ಟ್ರಿಪ್, ಮಗ ಪ್ಯಾಟೆ ಮೆಡಿಕಲ್‌ನಿಂದ ತಂದ ಇನ್ನೊಂದು, ಮೇಲಿನ ಹೆಸರು ಬೇರೆ, ಬಣ್ಣ ಬೇರೆ, ತಿರುಗಿಸಿ ಸಣ್ಣಕ್ಷರ ಓದಿದ್ರೆ ಎರಡೂ ಅಮ್ಲೋಡಿಪಿನ್ನೇ. ಎರಡೂ ತಗೊಳ್ತಿದ್ರು, ಕಾಲು ಊದಿತ್ತು. ಅದೇ ಚೀಲದಲ್ಲಿ ಸೊಂಟನೋವಿಗೆ ಡೈಕ್ಲೋಫೆನಾಕ್, ಅದು ಬಿಪಿ ಏರಿಸೋ ಗುಳಿಗೆ. ಮೆಲ್ಲಗೆ ಒಂದೊಂದೇ ಬೇರೆ ಮಾಡಿ ಡಾಕ್ಟರಿಗೆ ತೋರ್ಸಿದ್ವಿ. ಚೀಲ ನೋಡದೆ ಡೋಸ್ ಏರಿಸೋಕೆ ಕಳ್ಸೋದು ಸರಿ ಅಲ್ಲ.

ಬಿಪಿ ರೀಡಿಂಗ್ ಬಗ್ಗೆ ಚಿಕ್ಕದಾಗಿ: ಬಸ್ಸಿಳಿದು ಓಡಿ ಬಂದವ್ರನ್ನ, ಈಗಷ್ಟೇ ಕವಳ (ಎಲೆ ಅಡಿಕೆ) ಹಾಕಿದವ್ರನ್ನ ಕೂರ್ಸಿ ಅಳತೆ ಮಾಡಿ ಗುಳಿಗೆ ಜಾಸ್ತಿ ಮಾಡಿಸ್ಬೇಡಿ, ತಂಬಾಕು, ಚಾ ಆಗಿ ಅರ್ಧ ಗಂಟೆ ಕಳೀಲಿ, 5 ನಿಮಿಷ ಸುಮ್ಮನೆ ಬೆನ್ನಿಗೆ ಆಸರೆ ಕೊಟ್ಟು ಕೂತಿರ್ಲಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಅಂತ ಡಬ್ಲ್ಯೂಎಚ್‌ಓ ಹೇಳ್ತದೆ, ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ ಪೂರ್ತಿ ಬಿಡಿ ಅಂದ್ರೆ ನಾಳೆಯಿಂದ ನಿಮ್ಮ ಮಾತು ಕೇಳಲ್ಲ, ದಿನಾ ತಿನ್ನೋರಿಗೆ ವಾರಕ್ಕೆ ಎಷ್ಟಕ್ಕೆ ಇಳಿಸ್ತೀರಿ ಅಂತ ಅವ್ರ ಬಾಯಿಂದಾನೇ ಹೇಳಿಸಿ.

ಕೊನೇದು ಓಡಾಟ. ಬಿಪಿ ಹತೋಟಿಗೆ ಬರೋ ತನಕ ತಿಂಗಳಿಗೊಮ್ಮೆ ನೋಡ್ಬೇಕು, ಬಂದ್ಮೇಲೆ 3ರಿಂದ 6 ತಿಂಗಳಿಗೊಮ್ಮೆ ಸಾಕು ಅಂತ 2021ರ ಡಬ್ಲ್ಯೂಎಚ್‌ಓ ಮಾರ್ಗಸೂಚಿ ಹೇಳ್ತದೆ. ಗುಳಿಗೆ ಮುಗೀತು ಅಂತ ಕೂಲಿ ಬಿಟ್ಟು ದಿನವಿಡೀ ಬಸ್ಸಿಗೆ ಕಾಯೋ ಹಾಗಾಗ್ಬಾರ್ದು. 2024ರ ಜುಲೈನಲ್ಲಿ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು ಗೊತ್ತಿದ್ಯಲ್ಲ, ಆದ್ದರಿಂದ ಹತೋಟೀಲಿ ಇರೋರಿಗೆ ಮೇ ತಿಂಗಳಲ್ಲೇ ಮಳೆಗಾಲಕ್ಕೆ ಸಾಕಾಗೋಷ್ಟು ಸ್ಟ್ರಿಪ್ ಕೊಡಿಸೋಕಾಗ್ತದಾ ಅಂತ ಮೆಡಿಕಲ್ ಆಫೀಸರ್ ಹತ್ರ ಕೇಳಿ, ಆಶಾ ಅಕ್ಕಂದಿರ ಹತ್ರ ಹೆಸರಿನ ಪಟ್ಟಿ ಇರ್ತದೆ, ಅದರಲ್ಲಿ ಹಳ್ಳ ದಾಟಿ ಬರೋ ಮನೆಗಳನ್ನ ಮೊದ್ಲು ಗುರ್ತು ಮಾಡ್ಕೊಳ್ಳಿ.