ಬೀಟ್‌ಗೆ ಬೀಳಬೇಕಾದ್ದು ಕಟ್ ಅಲ್ಲ, ಕತ್ತಿ

ಪರದೆಯ ಮೇಲೆ ಎರಡು ಚುಕ್ಕೆಗಳು ಎದುರುಬದುರಾಗಿ ಬರುತ್ತವೆ, ನಡುವೆ ಒಂದರ ಮೇಲೊಂದು ಹಾಯುತ್ತವೆ, ಆಮೇಲೆ ಆಚೀಚೆ ಸಾಗಿಬಿಡುತ್ತವೆ. ಸದ್ದಿಲ್ಲದೆ ತೋರಿಸಿದರೆ ಹೆಚ್ಚಿನವರಿಗೆ ಅವು ಒಂದನ್ನೊಂದು ದಾಟಿ ಹೋದಂತೆ ಕಾಣುತ್ತದೆ. ಅವು ಸೇರುವ ಗಳಿಗೆಗೆ ಸರಿಯಾಗಿ ‘ಟಕ್’ ಅಂತ ಒಂದು ಸಣ್ಣ ಸದ್ದು ಕೇಳಿಸಿದರೆ ಸಾಕು, ಅದೇ ಚುಕ್ಕೆಗಳು ಡಿಕ್ಕಿ ಹೊಡೆದು ಪುಟಿದು ವಾಪಸಾದಂತೆ ಕಾಣತೊಡಗುತ್ತವೆ. ರಾಬರ್ಟ್ ಸೆಕ್ಯುಲರ್ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದು. ಚಿತ್ರದಲ್ಲಿ ಒಂದು ಪಿಕ್ಸೆಲ್ ಕೂಡ ಬದಲಾಗಿರುವುದಿಲ್ಲ, ಆದರೂ ನೋಡುವವರ ಪಾಲಿಗೆ ನಡೆದ ಘಟನೆಯೇ ಬೇರೆ. ವಿಡಿಯೋ ಗೇಮ್ ಟ್ರೇಲರ್ ಕೂಡಿಸುವವರ ಅರ್ಧ ಕಸುಬು ಈ ‘ಟಕ್’ನಲ್ಲೇ ಇದೆ.

ಮೂರು ವರ್ಷದ ನಂತರ ಲಾಡನ್ ಶಮ್ಸ್ ಮತ್ತು ಸಹೋದ್ಯೋಗಿಗಳು ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು: ಬೆಳಕು ಒಂದೇ ಸಲ ಮಿನುಗಿದರೂ ಜತೆಗೆ ಎರಡು ಸಲ ಬೀಪ್ ಎಂದರೆ, ನೋಡುವವರಿಗೆ ಬೆಳಕು ಎರಡು ಸಲ ಮಿನುಗಿದಂತೆ ಕಾಣುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎಲ್ಲಿ ಎಂಬುದನ್ನು ಹೇಳುವುದರಲ್ಲಿ ಕಣ್ಣು ಚುರುಕು, ಯಾವಾಗ ಎಂಬುದನ್ನು ಹೇಳುವುದರಲ್ಲಿ ಕಿವಿ ಚುರುಕು. ಸದ್ದಿನ ನಡುವಿನ ಎರಡು–ಮೂರು ಮಿಲಿಸೆಕೆಂಡ್‌ನ ಬಿಡುವನ್ನೂ ಕಿವಿ ಹಿಡಿಯಬಲ್ಲದು, ಸಿನಿಮಾದ ಒಂದು ಫ್ರೇಮ್ (ಒಂದು ಬಿಡಿ ಚಿತ್ರ) ಆದರೋ ಸುಮಾರು 42 ಮಿಲಿಸೆಕೆಂಡ್ ಉದ್ದ. ಹಾಗಾಗಿ ಕಾಲದ ವಿಷಯದಲ್ಲಿ ತಕರಾರು ಬಂದರೆ ಮಿದುಳು ಸಾಮಾನ್ಯವಾಗಿ ಕಿವಿಯ ಮಾತನ್ನೇ ನಂಬುತ್ತದೆ.

ಇಷ್ಟು ತಿಳಿದ ಮೇಲೆ, ದೃಶ್ಯಗಳನ್ನೆಲ್ಲ ಜೋಡಿಸಿ ಮುಗಿಸಿ ಕೊನೆಗೆ ಅಡಿಯಲ್ಲಿ ಒಂದು ಸಂಗೀತ ಹಾಸುವ ಅಭ್ಯಾಸ ಎಷ್ಟು ತಲೆಕೆಳಗು ಅನ್ನುವುದು ಗೊತ್ತಾಗುತ್ತದೆ. ಸಂಗೀತವೇ ಮೊದಲು ಬರಬೇಕು. ಅದು ಚಿತ್ರಕ್ಕೆ ಬಣ್ಣ ಹಚ್ಚಿ ಸುಮ್ಮನಾಗುವುದಿಲ್ಲ, ಯಾರ ಕಡೆ ನೋಡಬೇಕೆಂದೂ ಹೇಳುತ್ತದೆ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಒಂದು ಪುಟ್ಟ ಆನಿಮೇಷನ್ ಮಾಡಿದ್ದರು. ಅದರಲ್ಲಿದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ವೃತ್ತ, ಜತೆಗೆ ಬಾಗಿಲಿನಂತೆ ತೆರೆಯುವ ಭಾಗವಿದ್ದ ಒಂದು ಆಯತ, ಅಷ್ಟೇ. ಆದರೂ ನೋಡಿದವರು ಜಗಳ, ಬೆದರಿಕೆ, ತಪ್ಪಿಸಿಕೊಳ್ಳುವಿಕೆಯ ಕಥೆಯನ್ನೇ ಹೇಳಿದರು. 1988ರಲ್ಲಿ ಸ್ಯಾಂಡ್ರಾ ಮಾರ್ಷಲ್ ಮತ್ತು ಅನ್ನಾಬೆಲ್ ಕೋಹೆನ್ ಅದೇ ಚಿತ್ರಕ್ಕೆ ಬೇರೆ ಬೇರೆ ಸಂಗೀತ ಕೂಡಿಸಿ ತೋರಿಸಿದಾಗ, ಯಾವ ಆಕೃತಿ ಎಷ್ಟು ಚಟುವಟಿಕೆಯದ್ದು ಎಂಬ ಅಭಿಪ್ರಾಯವೂ ಬದಲಾಯಿತು. ಅವರು ಕೊಟ್ಟ ವಿವರಣೆ ಎಡಿಟರ್‌ಗಳಿಗೆ ಚಿನ್ನದಂಥದ್ದು: ಸಂಗೀತದ ಗತಿಗೆ ಯಾವುದರ ಚಲನೆ ಹೊಂದುತ್ತದೋ ಗಮನ ಅದರ ಮೇಲೆ ಹೋಗುತ್ತದೆ, ಸಂಗೀತದ ಭಾವವೂ ಅದಕ್ಕೇ ಅಂಟಿಕೊಳ್ಳುತ್ತದೆ.

ಹೊಂದದ ಭಾವದ ಸಂಗೀತಕ್ಕೂ ತನ್ನದೇ ಬಲವಿದೆ. 2006ರಲ್ಲಿ ‘ಗೇರ್ಸ್ ಆಫ್ ವಾರ್’ ಆಟದ ಟ್ರೇಲರ್ ಬಂದಾಗ ಅದರಲ್ಲಿ ಗುಂಡಿನ ಅಬ್ಬರಕ್ಕೆ ತಕ್ಕ ಡ್ರಮ್ಮು, ಗಿಟಾರು ಇರಲಿಲ್ಲ. 1982ರ ‘ಮ್ಯಾಡ್ ವರ್ಲ್ಡ್’ ಹಾಡನ್ನು ಮೈಕಲ್ ಆಂಡ್ರ್ಯೂಸ್ ಸಂಯೋಜನೆಯಲ್ಲಿ ಗ್ಯಾರಿ ಜೂಲ್ಸ್ ನಿಧಾನಗತಿಯಲ್ಲಿ ಹಾಡಿದ್ದ ಆವೃತ್ತಿ ಇತ್ತು. ಪಾಳುಬಿದ್ದ ಊರಲ್ಲಿ ಒಬ್ಬ ದೈತ್ಯದೇಹಿ ಸೈನಿಕ, ಹಿನ್ನೆಲೆಯಲ್ಲಿ ಸೋತ ದನಿ. ಯುದ್ಧದ ಆಟಕ್ಕೆ ಒಂಟಿತನದ ಭಾವ ಬಂದುಬಿಟ್ಟಿತು. ಆಮೇಲಾದದ್ದು ಮಾತ್ರ ಬೇಸರದ ಸಂಗತಿ. ಹಳೆಯ ಹಾಡನ್ನು ಎಳೆದೆಳೆದು ಹಾಡಿಸಿ ಸ್ಫೋಟದ ಮೇಲೆ ಹಾಕುವುದು ಎಷ್ಟು ಸವಕಲಾಗಿದೆಯೆಂದರೆ, ಪಿಯಾನೋದ ಮೊದಲ ಸ್ವರ ಕೇಳುತ್ತಿದ್ದಂತೆ ಮುಂದಿನದೆಲ್ಲ ಗೊತ್ತಾಗಿಬಿಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಬೀಟ್ ಅಂದರೆ ತಾಳದ ಒಂದು ಬಡಿತ. ನಿಮಿಷಕ್ಕೆ 120 ಬೀಟ್‌ನ ಸಂಗೀತವಾದರೆ ಒಂದು ಬೀಟ್‌ಗೆ ಅರ್ಧ ಸೆಕೆಂಡ್. ಸೆಕೆಂಡಿಗೆ 60 ಫ್ರೇಮ್‌ನ ಟೈಮ್‌ಲೈನ್‌ನಲ್ಲಿ (ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಅದು ಸರಿಯಾಗಿ 30 ಫ್ರೇಮ್. ಬೀಟ್ 128 ಆದರೆ 28 ಫ್ರೇಮ್, ಮೇಲೆ ಎಂಟನೇ ಒಂದು ಭಾಗ. ಆ ಚಿಲ್ಲರೆಯನ್ನು ಲೆಕ್ಕಕ್ಕಿಡದೆ 28, 28 ಎಂದು ಶಾಟ್‌ಗಳನ್ನು ಜೋಡಿಸುತ್ತ ಹೋದರೆ ಅರ್ಧ ನಿಮಿಷದಲ್ಲಿ, ಅಂದರೆ 64 ಬೀಟ್ ಆಗುವಷ್ಟರಲ್ಲಿ, ಚಿತ್ರ ಸಂಗೀತಕ್ಕಿಂತ 8 ಫ್ರೇಮ್ ಮುಂದೆ ಓಡಿರುತ್ತದೆ. 133 ಮಿಲಿಸೆಕೆಂಡ್. ಇದು ಕಣ್ಣಿಗೆ ಬೀಳುತ್ತದೆಯೇ? ಪ್ರಸಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನ ಗುರುತಿಸುತ್ತಾರೆ, ತಡವಾದರೆ ಸುಮಾರು 125ರವರೆಗೆ ಗುರುತಿಸುವುದಿಲ್ಲ. ನಮ್ಮ 133 ಆ ಗಡಿಯನ್ನೂ ದಾಟಿದೆ. ಈ ಪಕ್ಷಪಾತ ಸಹಜವೇ. ದೂರದಲ್ಲಿ ಯಾರೋ ಕೊಡಲಿ ಬೀಸಿದರೆ ಪೆಟ್ಟು ಮೊದಲು ಕಾಣುತ್ತದೆ, ಸದ್ದು ಆಮೇಲೆ. 34 ಮೀಟರ್ ದೂರ ಬರಲು ಸದ್ದಿಗೆ ಸುಮಾರು 100 ಮಿಲಿಸೆಕೆಂಡ್ ಬೇಕು. ತಡವಾದ ಸದ್ದಿಗೆ ನಾವು ಒಗ್ಗಿಕೊಂಡಿದ್ದೇವೆ. ಮುಂಚೆ ಬರುವ ಸದ್ದು ಪ್ರಕೃತಿಯಲ್ಲೇ ಇಲ್ಲ. ಆದ್ದರಿಂದ ಸಂದೇಹ ಬಂದಲ್ಲಿ ಚಿತ್ರ ಸದ್ದಿಗಿಂತ ಒಂದು ಫ್ರೇಮ್ ಮುಂಚೆ ಬರುವಂತೆ ಇಡುವುದು ಲೇಸು.

ಇಷ್ಟಾದರೂ ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಬೀಟ್ ಎಲ್ಲಿದೆಯೋ ಅಲ್ಲಿ ಕಟ್ ಮಾಡಬೇಕು, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹಾರಬೇಕು ಎಂಬ ನಂಬಿಕೆ ಅದು. ಕಟ್ ಆದೊಡನೆ ಕಣ್ಣಿಗೆ ಏನಾಗುತ್ತದೆ ನೋಡಿ. ಹೊಸ ದೃಶ್ಯ ಬಂತು, ಮುಖ್ಯವಾದದ್ದು ಎಲ್ಲಿದೆ ಎಂದು ಹುಡುಕಿ ದೃಷ್ಟಿಯನ್ನು ಅಲ್ಲಿಗೆ ಎತ್ತಿಡಲು ಸುಮಾರು 200 ಮಿಲಿಸೆಕೆಂಡ್ ಬೇಕು. 60 ಫ್ರೇಮ್ ಲೆಕ್ಕದಲ್ಲಿ 12 ಫ್ರೇಮ್. ಬೀಟ್ ಮೇಲೆಯೇ ಕಟ್ ಮಾಡಿ, ಅದೇ ಫ್ರೇಮ್‌ನಲ್ಲಿ ಕತ್ತಿ ತಗುಲಿಸಿದರೆ, ಪೆಟ್ಟು ಬಿದ್ದಾಗ ಕಣ್ಣು ಇನ್ನೂ ಹಿಂದಿನ ಶಾಟ್‌ನ ಜಾಗದಲ್ಲೇ ಇರುತ್ತದೆ. ಕಿವಿಗೆ ಪೆಟ್ಟು ಕೇಳಿಸಿತು, ಕಣ್ಣಿಗೆ ಸಿಗಲಿಲ್ಲ.

ಕೆಲಸ ಹೀಗೆ ಮಾಡಬೇಕು. ಎರಡು ಶಾಟ್ ಇವೆ ಎನ್ನಿ: ಮೊದಲನೆಯದರಲ್ಲಿ ನಾಯಕಿ, ಎರಡನೆಯದರಲ್ಲಿ ಅವಳ ಕತ್ತಿಯ ಪೆಟ್ಟು. ಎರಡನೇ ಶಾಟ್‌ನಲ್ಲಿ ಕತ್ತಿ ರಾಕ್ಷಸನ ಗುರಾಣಿಗೆ ತಗುಲುವ ಫ್ರೇಮ್ ಹುಡುಕಿ ಅಲ್ಲೊಂದು ಮಾರ್ಕರ್ ಹಾಕಿ. ಆ ಮಾರ್ಕರ್ ಬೀಟ್ ಕೆಳಗೆ ಬರುವಂತೆ ಇಡೀ ಶಾಟ್ ಸರಿಸಿ. ಅಲ್ಲಿಂದ 14–18 ಫ್ರೇಮ್ ಹಿಂದೆ ಹೋಗಿ ಕಟ್ ಮಾಡಿ. ಈಗ ಕಟ್ ಬೀಟ್‌ಗಿಂತ ಮುಂಚೆ ಬರುತ್ತದೆ, ಕತ್ತಿ ಎತ್ತಿದ್ದು ಕಾಣುತ್ತದೆ, ಬೀಟ್ ಬೀಳುವಾಗ ಕತ್ತಿಯೂ ಬೀಳುತ್ತದೆ. ಇನ್ನೊಂದು ಉಪಾಯವೂ ಇದೆ. ಮೊದಲ ಶಾಟ್‌ನ ಕೊನೆಯಲ್ಲಿ ನಾಯಕಿ ಚೌಕಟ್ಟಿನ ಬಲಭಾಗದಲ್ಲಿದ್ದರೆ, ಎರಡನೆಯದರಲ್ಲಿ ಗುರಾಣಿಯೂ ಬಲಭಾಗದಲ್ಲೇ ಇರಲಿ. ಕಣ್ಣು ಅಲುಗಬೇಕಿಲ್ಲ, ಕಟ್ ಬೀಟ್‌ಗೆ ಇನ್ನಷ್ಟು ಹತ್ತಿರ ಬರಬಹುದು. ಚಲನೆಯ ನಡುವೆ ಕತ್ತರಿಸಿ ಚಲನೆಯನ್ನು ಮುಂದುವರಿಸಿದಾಗ ಕಟ್ ಎಷ್ಟು ಚೆನ್ನಾಗಿ ಅಡಗುತ್ತದೆ ಎಂಬುದನ್ನು ಟಿಮ್ ಸ್ಮಿತ್ ಮತ್ತು ಜಾನ್ ಹೆಂಡರ್ಸನ್ 2008ರಲ್ಲಿ ಅಳೆದಿದ್ದಾರೆ. ಕಟ್ ಕಂಡಾಗಲೆಲ್ಲ ಬಟನ್ ಒತ್ತಿ ಎಂದು ಹೇಳಿ ಕೂರಿಸಿದವರೇ ಅಂಥ ಕಟ್‌ಗಳಲ್ಲಿ ಬಹಳಷ್ಟನ್ನು ಗಮನಿಸದೆ ಬಿಟ್ಟರು.

ಮೆಟ್ರೋನೋಮ್ (ಒಂದೇ ಗತಿಯಲ್ಲಿ ಟಕ್ ಟಕ್ ಎನ್ನುವ ತಾಳಯಂತ್ರ) ಜತೆ ಬೆರಳು ತಟ್ಟಿ ಎಂದರೆ ಜನ ಸಾಮಾನ್ಯವಾಗಿ ಸದ್ದಿಗಿಂತ ಕೆಲವು ಹತ್ತು ಮಿಲಿಸೆಕೆಂಡ್ ಮುಂಚೆಯೇ ತಟ್ಟುತ್ತಾರೆ. ಬೀಟ್ ಬಂದ ಮೇಲೆ ಸ್ಪಂದಿಸುವುದಲ್ಲ, ಬರುವುದನ್ನು ಮೊದಲೇ ಎಣಿಸಿಕೊಂಡಿರುತ್ತಾರೆ. ಪ್ರತಿ ಬೀಟ್‌ಗೂ ಒಂದು ಕಟ್ ಕೊಟ್ಟರೆ ನಾಲ್ಕನೆಯದರ ಹೊತ್ತಿಗೆ ನೋಡುವವರ ಎಣಿಕೆ ಸರಿಯಾಗಿರುತ್ತದೆ, ಆಸಕ್ತಿ ಹೋಗಿರುತ್ತದೆ. ಎರಡು ಬೀಟ್ ಬಿಡಿ. ಒಂದು ಶಾಟ್ ಅನ್ನು ಆರು ಬೀಟ್ ಎಳೆಯಿರಿ. ಎಂಟು ಅಥವಾ ಹದಿನಾರು ಬೀಟ್‌ನ ಸಾಲು ಮುಗಿದು ಹೊಸ ಸಾಲು ಶುರುವಾಗುವಲ್ಲಿ ದೊಡ್ಡ ಘಟನೆ ಇಡಿ. ಅದಾದ ಕೂಡಲೇ ಆಟದ ಹೆಸರು ಬೇಡ: ಗಮನ ಸೆಳೆದ ಒಂದು ಸಂಗತಿಯ ಬೆನ್ನಲ್ಲೇ, 200ರಿಂದ 500 ಮಿಲಿಸೆಕೆಂಡ್ ಒಳಗೆ ಬರುವ ಇನ್ನೊಂದನ್ನು ಮನಸ್ಸು ಹಲವು ಸಲ ಕೈಬಿಡುತ್ತದೆ.

ಸಿನಿಮಾದವರಿಗಿಲ್ಲದ ಒಂದು ಅನುಕೂಲ ಗೇಮ್‌ನವರಿಗಿದೆ. ಶಾಟ್ ಸರಿಬರದಿದ್ದರೆ ಮತ್ತೆ ಆಡಿ ರೆಕಾರ್ಡ್ ಮಾಡಬಹುದು, ರಾಕ್ಷಸ ಬೇಸರಿಸುವುದಿಲ್ಲ. ರೆಕಾರ್ಡ್ ಮಾಡುವಾಗ ಆಟದ ಒಳಗಿನ ಸಂಗೀತವನ್ನು ಸೆಟ್ಟಿಂಗ್ಸ್‌ನಲ್ಲಿ ಸೊನ್ನೆಗಿಳಿಸಿ, ಕತ್ತಿ, ಹೆಜ್ಜೆ, ಗಾಳಿಯ ಸದ್ದನ್ನು ಮಾತ್ರ ಉಳಿಸಿಕೊಳ್ಳಬೇಕು. ಇಲ್ಲವಾದರೆ ಪ್ರತಿ ಕಟ್‌ನಲ್ಲೂ ಹಿನ್ನೆಲೆಯ ಹಾಡು ತುಂಡಾಗಿ, ಮೇಲೆ ಹಾಕಿದ ಹಾಡಿನೊಡನೆ ಕಿತ್ತಾಡುತ್ತದೆ. ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಹಿಡಿದದ್ದನ್ನು ‘ಸಿನಿಮಾ ಥರ’ ಇರಲಿ ಎಂದು 24ರ ಟೈಮ್‌ಲೈನ್‌ಗೆ ಹಾಕುವುದು ಕೆಟ್ಟ ಯೋಚನೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ, ಹಾಗಾಗಿ ಒಮ್ಮೆ ಎರಡು, ಒಮ್ಮೆ ಮೂರು ಫ್ರೇಮ್ ಹಾರಿ ಓಟ ಕುಂಟುತ್ತದೆ.

ಅಬ್ಬರದ ವಿಚಾರಕ್ಕೆ ಬಂದರೆ, ದೊಡ್ಡ ಪೆಟ್ಟಿಗೆ ಮುಂಚೆ ಏರುತ್ತಲೇ ಹೋಗುವ ಒಂದು ಸ್ವರ ಕೇಳಿರುತ್ತೀರಿ. ಅದರ ತಂತ್ರಗಳಲ್ಲೊಂದನ್ನು 1964ರಲ್ಲಿ ರೋಜರ್ ಶೆಪರ್ಡ್ ಕೊಟ್ಟರು. ಒಂದೊಂದು ಸಪ್ತಕದ (ಆಕ್ಟೇವ್) ಅಂತರದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಏರಿಸುತ್ತ, ಮೇಲಿನದನ್ನು ಮೆಲ್ಲಗೆ ಮಾಯ ಮಾಡಿ ಕೆಳಗೆ ಹೊಸದನ್ನು ಮೆಲ್ಲಗೆ ತಂದರೆ, ಕೊನೆಯಿಲ್ಲದೆ ಏರುತ್ತಿರುವಂತೆ ಕೇಳುತ್ತದೆ. ಆದರೆ ಏರಿಸಿ ನೇರ ಪೆಟ್ಟಿಗೆ ಇಳಿಸಿದರೆ ಪೆಟ್ಟು ಸಪ್ಪೆ. ಜೋರು ಸದ್ದಿನ ನಂತರ ಸುಮಾರು 200 ಮಿಲಿಸೆಕೆಂಡ್‌ವರೆಗೆ ಕಿವಿ ಮಂಕಾಗಿರುತ್ತದೆ. ನಡುವೆ ಒಂದು ಬೀಟ್‌ನಷ್ಟು ಪೂರ್ತಿ ಮೌನ ಬಿಟ್ಟರೆ ಕಿವಿ ಚೇತರಿಸಿಕೊಳ್ಳುತ್ತದೆ, ಅದೇ ಪೆಟ್ಟು ದೊಡ್ಡದಾಗಿ ಕೇಳುತ್ತದೆ. ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ. ತೀರಾ ಜೋರಾದ ವಿಡಿಯೋವನ್ನು ದೊಡ್ಡ ವಿಡಿಯೋ ತಾಣಗಳು ತಾವೇ ತಗ್ಗಿಸಿಬಿಡುತ್ತವೆ.

ಹಕ್ಕುಗಳ ಮಾತು ಒಂದೇ ಸಾಲಿನಲ್ಲಿ: ಹಾಡಿನ ರಚನೆಗೊಂದು, ಆ ರೆಕಾರ್ಡಿಂಗ್‌ಗೆ ಇನ್ನೊಂದು, ಎರಡೂ ಅನುಮತಿ ಬೇಕು.

ಇನ್ನು, ಇಷ್ಟೆಲ್ಲ ಫ್ರೇಮ್ ಎಣಿಸಿ ಕೂಡಿಸಿದ ಟ್ರೇಲರ್ ಎಷ್ಟೋ ಜನರ ಮುಂದೆ ಮೊದಲು ಬರುವುದು ಮೂಕವಾಗಿ. ಫೋನಿನಲ್ಲಿ, ಅಂಗಡಿ ಪುಟಗಳಲ್ಲಿ ವಿಡಿಯೋ ತಾನಾಗಿ ಓಡುವುದು ಸಾಮಾನ್ಯವಾಗಿ ಸದ್ದಿಲ್ಲದೆ. ಹಾಗಾಗಿ ಮೊದಲ ಐದಾರು ಸೆಕೆಂಡಿಗೆ ಬೀಟ್‌ನ ಆಸರೆ ಸಿಗುವುದಿಲ್ಲ. ಅಲ್ಲಿ ಲಾಂಛನಗಳ ಮೆರವಣಿಗೆ ಬೇಡ, ಕಪ್ಪು ತೆರೆಯ ಮೇಲೆ ಯಾರದೋ ಗಂಭೀರ ದನಿಯೂ ಬೇಡ. ಆಟಗಾರ ಈ ಆಟದಲ್ಲಿ ಏನು ಮಾಡುತ್ತಾನೆ ಎಂಬುದು ಒಂದೇ ಶಾಟ್‌ನಲ್ಲಿ ತಿಳಿಯಲಿ. ಸದ್ದು ಹಾಕಬೇಕೋ ಬೇಡವೋ ಎಂದು ನೋಡುವವರು ತೀರ್ಮಾನಿಸುವುದು ಅದರ ಮೇಲೆಯೇ.