ಕಫದ ವರದಿ ಹೇಳುವುದು ಒಂದು, ರಕ್ತದ ವರದಿ ಹೇಳುವುದು ಇನ್ನೊಂದು

"ಡಾಕ್ಟ್ರೇ, ಇಎಸ್‌ಆರ್ 90 ಬಂದಿದೆ, ಇದು ಟಿಬಿನೇ ಅಲ್ವಾ?" ಎದೆರೋಗದ ಹೊರರೋಗಿ ವಿಭಾಗದಲ್ಲಿ ಕೂತವರಿಗೆಲ್ಲ ಈ ಪ್ರಶ್ನೆ ಪರಿಚಿತ. ಇಎಸ್‌ಆರ್ ಎಂದರೆ ನಳಿಕೆಯಲ್ಲಿಟ್ಟ ರಕ್ತದ ಕೆಂಪು ಕಣಗಳು ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂಬ ಅಳತೆ; ದೇಹದಲ್ಲಿ ಉರಿಯೂತವಿದ್ದರೆ ಅದು ಏರುತ್ತದೆ. ಕೆಲವು ತಿಂಗಳ ನಂತರ ಅದೇ ರೋಗಿಯಿಂದ ಇನ್ನೊಂದು ಪ್ರಶ್ನೆ ಬರುತ್ತದೆ: "ಇಎಸ್‌ಆರ್ ಇಳಿದುಬಿಟ್ಟಿದೆ, ಮಾತ್ರೆ ನಿಲ್ಲಿಸಬಹುದಾ?" ಎರಡಕ್ಕೂ ನನ್ನ ಉತ್ತರ ಇಲ್ಲ ಎಂದೇ. ಶ್ವಾಸಕೋಶದಲ್ಲಿ ಕ್ರಿಮಿ ಎಷ್ಟಿದೆ ಎಂಬುದನ್ನು ಕಫ ಹೇಳುತ್ತದೆ. ಆ ಕ್ರಿಮಿಗೆ ದೇಹ ಎಷ್ಟು ಉರಿಯುತ್ತಿದೆ ಎಂಬುದನ್ನು ರಕ್ತ ಹೇಳುತ್ತದೆ. ಇವೆರಡಕ್ಕೂ ನಂಟಿದೆ, ಆದರೆ ಒಂದರ ಬದಲು ಇನ್ನೊಂದನ್ನು ಓದಲು ಬರುವುದಿಲ್ಲ.

ಮೊದಲು ಕಫದ ಲೆಕ್ಕ ನೋಡೋಣ. ಗಾಜಿನ ಮೇಲೆ ಕಫ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಟೆಕ್ನಿಷಿಯನ್ ಎಣಿಸುತ್ತಾರೆ. ನೂರು ಫೀಲ್ಡ್ (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ) ನೋಡಿದಾಗ 1ರಿಂದ 9 ಕ್ರಿಮಿ ಕಂಡರೆ 'ಸ್ಕ್ಯಾಂಟಿ', 10ರಿಂದ 99 ಕಂಡರೆ 1+. ಪ್ರತಿ ಫೀಲ್ಡಿಗೂ 1ರಿಂದ 10 ಇದ್ದರೆ 2+, ಹತ್ತಕ್ಕಿಂತ ಹೆಚ್ಚಿದ್ದರೆ 3+. ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಕ್ರಿಮಿಗಳಾದರೂ ಇದ್ದರೆ ಮಾತ್ರ ಈ ಪರೀಕ್ಷೆಗೆ ಅವು ಕಣ್ಣಿಗೆ ಬೀಳುತ್ತವೆ. ಹಾಗಾಗಿ 'ನೆಗೆಟಿವ್' ಎಂದರೆ ಕ್ರಿಮಿ ಇಲ್ಲವೇ ಇಲ್ಲ ಎಂದು ತಿಳಿಯಬಾರದು.

ಕಫದಲ್ಲಿ ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆ ಬಂದ ಮೇಲೆ ಈ ಮಿತಿ ಬಹಳ ಕೆಳಗಿಳಿಯಿತು. ಅದು ಮಿಲಿಲೀಟರಿಗೆ ನೂರಮೂವತ್ತರಷ್ಟು ಕ್ರಿಮಿ ಇದ್ದರೂ ಹಿಡಿಯುತ್ತದೆ, ಜೊತೆಗೆ ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್ ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನೂ ಎರಡು ಗಂಟೆಯೊಳಗೆ ತಿಳಿಸುತ್ತದೆ. ನಮ್ಮ ಅನೇಕ ಆರೋಗ್ಯ ಕೇಂದ್ರಗಳಲ್ಲಿ ಈಗ ಇರುವ, ಇದೇ ಬಗೆಯ ಪರೀಕ್ಷೆ ಮಾಡುವ ಟ್ರೂನ್ಯಾಟ್ ಯಂತ್ರ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೋಲ್‌ಬಯೋ ಸೇರಿ ರೂಪಿಸಿದ್ದು ಎಂಬುದು ನನಗೆ ಹೆಮ್ಮೆಯ ಸಂಗತಿ. ಸಿಬಿನಾಟ್ ವರದಿಯಲ್ಲಿ ಹೈ, ಮೀಡಿಯಂ, ಲೋ, ವೆರಿ ಲೋ ಎಂದು ಬರೆದಿರುತ್ತದೆ. ಅದರ ಹಿಂದಿರುವುದು ಸಿಟಿ ವ್ಯಾಲ್ಯೂ, ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು. ಕ್ರಿಮಿಯ ಡಿಎನ್‌ಎ ಎಷ್ಟು ಸುತ್ತು ಇಮ್ಮಡಿಸಿದ ಮೇಲೆ ಯಂತ್ರಕ್ಕೆ ಕಾಣಿಸಿತು ಎಂಬ ಸಂಖ್ಯೆ ಅದು. ಸಂಖ್ಯೆ ಚಿಕ್ಕದಾದಷ್ಟೂ ಕ್ರಿಮಿ ಹೆಚ್ಚು. 16ಕ್ಕಿಂತ ಕಡಿಮೆಯಾದರೆ ಹೈ, 28 ದಾಟಿದರೆ ವೆರಿ ಲೋ. ಮೂರು ಚಿಲ್ಲರೆ ಸುತ್ತಿನ ವ್ಯತ್ಯಾಸ ಎಂದರೆ ಕ್ರಿಮಿಯಲ್ಲಿ ಸುಮಾರು ಹತ್ತುಪಟ್ಟು ವ್ಯತ್ಯಾಸ.

ಇಷ್ಟೆಲ್ಲ ನಿಖರತೆಯೂ ಡಬ್ಬಿಯಲ್ಲಿ ಏನು ಬಂದಿದೆ ಎಂಬುದರ ಮೇಲೆ ನಿಂತಿದೆ. ಎಂಜಲು ಉಗುಳಿ ಕೊಟ್ಟರೆ ಎಂಥ ಯಂತ್ರವೂ ಸೋಲುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಗಟ್ಟಿ ಕಫ ತೆಗೆದುಕೊಡಬೇಕು. ಇದನ್ನು ರೋಗಿಗೆ ನಿಂತು ವಿವರಿಸುವ ಆಶಾ ಕಾರ್ಯಕರ್ತೆ ಅಥವಾ ಲ್ಯಾಬ್ ಸಿಬ್ಬಂದಿಯಿಂದ ಆಗುವ ಉಪಕಾರ ಸಣ್ಣದಲ್ಲ.

ಇನ್ನು ರಕ್ತ. ಇಎಸ್‌ಆರ್ ಪರೀಕ್ಷೆಗೂ ಕ್ಷಯಕ್ಕೂ ಹಳೆಯ ಸಂಬಂಧವಿದೆ. ಸ್ವೀಡನ್ನಿನ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದ್ದು ಶ್ವಾಸಕೋಶದ ಕ್ಷಯ ರೋಗಿಗಳ ರಕ್ತವನ್ನು ಅಧ್ಯಯನ ಮಾಡಿಯೇ. ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನ್ ಹೆಚ್ಚುತ್ತದೆ, ಕೆಂಪು ಕಣಗಳು ಒಂದಕ್ಕೊಂದು ಅಂಟಿ ಬೇಗ ತಳಕ್ಕಿಳಿಯುತ್ತವೆ. ಆದರೆ ರಕ್ತಹೀನತೆಯಲ್ಲೂ, ಬಸುರಿಯರಲ್ಲೂ, ವಯಸ್ಸಾದವರಲ್ಲೂ, ಸಂಧಿವಾತದಲ್ಲೂ ಇಎಸ್‌ಆರ್ ಏರುತ್ತದೆ. ಉರಿಯೂತ ತೋರಿಸುವ ಇನ್ನೊಂದು ಪ್ರೋಟೀನ್ ಸಿಆರ್‌ಪಿ ಇದಕ್ಕಿಂತ ಚುರುಕು. ಯಕೃತ್ತು ಅದನ್ನು ಕೆಲವೇ ಗಂಟೆಗಳಲ್ಲಿ ತಯಾರಿಸುತ್ತದೆ, ಉರಿಯೂತ ತಗ್ಗಿದರೆ ದಿನಗಳಲ್ಲಿ ಇಳಿಯುತ್ತದೆ. ಆದರೂ ಅದಕ್ಕೆ ಕ್ಷಯವೂ ಒಂದೇ, ಸಾಮಾನ್ಯ ನ್ಯುಮೋನಿಯಾವೂ ಒಂದೇ.

ಹಿಮೋಗ್ಲೋಬಿನ್ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಮನೆಯವರು ಗಾಬರಿಯಾಗುವುದು ಅದನ್ನು ನೋಡಿ. ಕ್ಷಯದಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಅದು ಕಬ್ಬಿಣಾಂಶವನ್ನು ಜೀವಕೋಶಗಳೊಳಗೇ ಕೂಡಿಹಾಕುತ್ತದೆ, ರಕ್ತ ತಯಾರಿಕೆಗೆ ಸಿಗಗೊಡುವುದಿಲ್ಲ. ಇಂಥ ರಕ್ತಹೀನತೆ ಕಬ್ಬಿಣದ ಮಾತ್ರೆಗಿಂತ ಹೆಚ್ಚಾಗಿ ಕ್ಷಯದ ಮಾತ್ರೆಗೇ ಸರಿಹೋಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ನಿಜವಾದ ಕಬ್ಬಿಣದ ಕೊರತೆಯೂ ಜೊತೆಗಿರುವುದು ಹೆಚ್ಚು, ಆದ್ದರಿಂದ ಎರಡನ್ನೂ ಬೇರೆ ಮಾಡಿ ನೋಡಬೇಕು. ಪ್ಲೇಟ್‌ಲೆಟ್ ಏರುವುದು, ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಇಳಿಯುವುದು, ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಕಡಿಮೆಯಾಗಿ ಮೊನೊಸೈಟ್ ಹೆಚ್ಚುವುದು, ಇವೂ ಸಾಮಾನ್ಯ.

ರೋಗಿಗಳನ್ನು ಗುಂಪಾಗಿ ನೋಡಿದರೆ ಕಫದಲ್ಲಿ 3+ ಇರುವವರ ಸಿಆರ್‌ಪಿ, ಇಎಸ್‌ಆರ್ ಹೆಚ್ಚು, ಹಿಮೋಗ್ಲೋಬಿನ್ ಕಡಿಮೆ. ಕಾರಣ ಸ್ಪಷ್ಟ. ಶ್ವಾಸಕೋಶ ಕರಗಿ ಗುಳಿ ಬಿದ್ದ ಜಾಗಕ್ಕೆ ಗಾಳಿ ಚೆನ್ನಾಗಿ ಸಿಗುತ್ತದೆ, ಕ್ಷಯದ ಕ್ರಿಮಿಗೆ ಬೇಕಾದದ್ದೂ ಅದೇ. ಆ ಗುಳಿಯಿಂದ ಕ್ರಿಮಿ ಕಫಕ್ಕೂ ಬರುತ್ತದೆ, ಅಲ್ಲಿನ ಹಾನಿ ರಕ್ತದಲ್ಲೂ ಕಾಣುತ್ತದೆ. ಆದರೆ ನನ್ನೆದುರು ಕೂತಿರುವುದು ಗುಂಪಲ್ಲ, ಒಬ್ಬ ವ್ಯಕ್ತಿ. ಅಲ್ಲಿ ಈ ನಂಟು ಮತ್ತೆ ಮತ್ತೆ ಕೈಕೊಡುತ್ತದೆ.

ಎಚ್‌ಐವಿ ಇರುವವರಲ್ಲಿ ರೋಗನಿರೋಧಕ ಶಕ್ತಿ ಕುಸಿದಿದ್ದರೆ ಬಹುಮಟ್ಟಿಗೆ ಗುಳಿಯೇ ಆಗುವುದಿಲ್ಲ. ಕಫದಲ್ಲಿ ಕ್ರಿಮಿ ಕಡಿಮೆ, ದೇಹದಲ್ಲಿ ರೋಗ ಅಪಾರ. ಅಂಥವರಲ್ಲಿ ಸಿಆರ್‌ಪಿ ಮುಂಚಿತ ಸುಳಿವು ಕೊಡುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಚ್‌ಐವಿ ಇರುವವರನ್ನು ಕ್ಷಯಕ್ಕಾಗಿ ಜರಡಿ ಹಿಡಿಯಲು ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿನ ಸಿಆರ್‌ಪಿಯನ್ನು ಬಳಸಬಹುದು ಎಂದಿತು. ಜರಡಿಗೆ ಮಾತ್ರ, ಖಚಿತಪಡಿಸಲು ಕಫವೇ ಬೇಕು. ಮಕ್ಕಳಲ್ಲಿ ಕ್ರಿಮಿಯ ಸಂಖ್ಯೆಯೇ ಕಡಿಮೆ, ಕಫ ಉಗುಳಲೂ ಬರುವುದಿಲ್ಲ, ಎಷ್ಟೋ ಸಲ ಹೊಟ್ಟೆಯಿಂದ ನಳಿಕೆಯ ಮೂಲಕ ಮಾದರಿ ತೆಗೆಯಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಕ್ಷಯವಿಲ್ಲದೆಯೂ ಉರಿಯೂತದ ಅಂಶಗಳು ಮೇಲಿರಬಹುದು. ತೀರಾ ಬಡಕಲಾದವರಲ್ಲಿ ಅಲ್ಬುಮಿನ್ ಇಳಿದಿರುವುದಕ್ಕೆ ರೋಗ ಎಷ್ಟು ಕಾರಣ, ಹಸಿವು ಎಷ್ಟು ಕಾರಣ ಎಂದು ಬಿಡಿಸಿ ಹೇಳಲಾಗದು.

ಚಿಕಿತ್ಸೆ ಶುರುವಾದ ಮೇಲೆ ಸಿಆರ್‌ಪಿ ಬೇಗ ಇಳಿಯುತ್ತದೆ, ಇಎಸ್‌ಆರ್ ನಿಧಾನವಾಗಿ. ಜ್ವರ ಹೋಗಿದೆ, ಹಸಿವು ಮರಳಿದೆ, ರಕ್ತದ ವರದಿ ಚೆನ್ನಾಗಿದೆ, ಇನ್ನೇಕೆ ಮಾತ್ರೆ ಎನ್ನಿಸುವುದು ಈ ಹಂತದಲ್ಲೇ. ಆದರೆ ಈ ಕ್ರಿಮಿ ಇಬ್ಭಾಗವಾಗಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುವ ಜಾತಿ. ಕೆಲವು ಮಲಗಿದಂತೆ ಉಳಿದಿರುತ್ತವೆ, ಉರಿಯೂತ ಎಬ್ಬಿಸುವುದಿಲ್ಲ, ಔಷಧಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಆರು ತಿಂಗಳ ಲೆಕ್ಕ ಇರುವುದು ಅವುಗಳಿಗಾಗಿ. ಎರಡು ತಿಂಗಳಿಗೆ ಕಫವನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡುತ್ತೇವೆ. ಸಿಬಿನಾಟ್‌ನಲ್ಲಿ ಯಾಕೆ ನೋಡುವುದಿಲ್ಲ ಎಂದು ಕೇಳುವವರಿದ್ದಾರೆ. ಅದು ಸತ್ತ ಕ್ರಿಮಿಯ ಡಿಎನ್‌ಎಯನ್ನೂ ತೋರಿಸುತ್ತದೆ, ಗುಣವಾಗುತ್ತಿರುವವರೂ ಪಾಸಿಟಿವ್ ಎನಿಸಿಕೊಳ್ಳುತ್ತಾರೆ.

ಖಾಸಗಿ ಲ್ಯಾಬುಗಳಲ್ಲಿ "ಟಿಬಿಗೆ ರಕ್ತ ಪರೀಕ್ಷೆ" ಎಂದು ಕೇಳುವವರು ಇಂದಿಗೂ ಇದ್ದಾರೆ. ರಕ್ತದಲ್ಲಿನ ಪ್ರತಿಕಾಯ ನೋಡಿ ಕ್ಷಯ ಹೇಳುವ ಕಿಟ್‌ಗಳನ್ನು ಭಾರತ ಸರ್ಕಾರ 2012ರ ಜೂನ್‌ನಲ್ಲೇ ನಿಷೇಧಿಸಿದೆ. ರಕ್ತದಲ್ಲೇ ಮಾಡುವ ಇನ್ನೊಂದು ಪರೀಕ್ಷೆ ಇಗ್ರಾ, ಕ್ಷಯದ ಸೋಂಕು ತಗುಲಿದೆಯೇ ಎಂದಷ್ಟೇ ಹೇಳಬಲ್ಲದು, ಈಗ ರೋಗ ಇದೆಯೇ ಎಂದಲ್ಲ. ಅದಕ್ಕೆ ಸುರಿಯುವ ಹಣ ಉಳಿಸಿಕೊಳ್ಳಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಕೇಂದ್ರದಲ್ಲಿ ಕಫ ಪರೀಕ್ಷೆಯೂ ಮಾತ್ರೆಯೂ ಉಚಿತ.

ದುಬಾರಿ ರಕ್ತ ಪರೀಕ್ಷೆಗಳ ನಡುವೆ ನಾನು ತಪ್ಪದೆ ನೋಡುವ ಅಂಕಿ ರೋಗಿಯ ತೂಕ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 60ರಷ್ಟು ಕಡಿಮೆಯಿತ್ತು. 40 ಕೆಜಿ ಇರುವವರಿಗೆ ಅದು ಬರೀ 2 ಕೆಜಿ. ಎರಡು ತಿಂಗಳಾದರೂ ತೂಕ ಏರದೆ ಕಫವೂ ಪಾಸಿಟಿವ್ ಉಳಿದಿದ್ದರೆ, ಸಿಆರ್‌ಪಿ ಎಷ್ಟೇ ಇಳಿದಿರಲಿ, ನಾನು ಸುಮ್ಮನಿರುವುದಿಲ್ಲ. ಔಷಧಿ ನಿರೋಧ ಇದೆಯೇ ಎಂದು ಕಫವನ್ನು ಕಲ್ಚರ್‌ಗೆ (ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುತ್ತೇನೆ, ಸಕ್ಕರೆ ಮತ್ತು ಎಚ್‌ಐವಿ ಮತ್ತೆ ನೋಡುತ್ತೇನೆ, ಮಾತ್ರೆ ದಿನವೂ ಹೊಟ್ಟೆಗೆ ಹೋಗುತ್ತಿದೆಯೇ, ಅದರ ಜೊತೆ ಅನ್ನವೂ ಹೋಗುತ್ತಿದೆಯೇ ಎಂದು ಮನೆಯವರನ್ನು ಕೂರಿಸಿ ಕೇಳುತ್ತೇನೆ.